ಕುತ್ತಿಗೆ ಸಾಹೇಬರು
ಕಾರ್ಖಾನೆಯಲ್ಲಿ ಆಕೆಯ ಮಾವನನ್ನು ಎಲ್ಲರೂ ಕುತ್ತಿಗೆ ಸಾಹೇಬರೆಂದೇ ಕರೆಯುವುದು. ಆಸ್ಪತ್ರೆಗಳ ದ್ರವ ಆಕ್ಸಿಜನ್ ಟ್ಯಾಂಕುಗಳಿಗೆ ವಾಲ್ವ್ ಆರಿಸುವ ಅವರ ಕನ್ನಡಕ, ಯಾವ ನಕ್ಷೆ ಎದುರಿಗಿಟ್ಟರೂ, ಮೊದಲು ಇಳಿಯುವುದು ವಾಲ್ವಿನ ಒಡಲಿಗೂ ಮೇಲಿನ ಹಿಡಿಗೂ ನಡುವೆ ಕುತ್ತಿಗೆಯಂತೆ ನಿಲ್ಲುವ ಬಾನೆಟ್ಟಿನ ಮೇಲೆ. "ಕುತ್ತಿಗೆ ಗಿಡ್ಡ, ತಗೊಂಡ್ಹೋಗಿ" ಎಂದು ವಾಪಸು ತಳ್ಳುತ್ತಾರೆ. "ಸಾಹೇಬ್ರೇ, ಸೊಸೇನೂ ಹೀಗೇ ಕುತ್ತಿಗೆ ಅಳೆದು ತಂದ್ರಾ?" ಎಂದು ಕೆಣಕಿದರೆ ನಗುವುದೂ ಇಲ್ಲ: "ಕುತ್ತಿಗೆ ಗಿಡ್ಡ ಆದ್ರೆ ಒಳಗಿನ ಆಕ್ಸಿಜನ್ ಚಳಿ ಸೀದಾ ಮೇಲೆ ಹತ್ತುತ್ತೆ ಕಣ್ರೀ. ಸೋರದ ಹಾಗೆ ಸುತ್ತಿರೋ ಪ್ಯಾಕಿಂಗೇ ಮರಗಟ್ಟಿ ಸೋರುತ್ತೆ, ಹಿಡಿ ತಿರುಗಲ್ಲ." ಮನೆಯಲ್ಲೂ ಫ್ಲಾಸ್ಕಾಗಲಿ, ಹೂಜಿಯಾಗಲಿ, ಕುತ್ತಿಗೆ ಸವರದೆ ಕೆಳಗಿಡುವವರಲ್ಲ. ಆಕೆಯ ಆರು ತಿಂಗಳ ಕೂಸಿಗೆ ಉಸಿರು ಕಟ್ಟಿ ಆಸ್ಪತ್ರೆ ಸೇರಿಸಿದ ದಿನವೂ ಅವರು ಮಗುವಿನ ಬಳಿ ಬರುವ ಮೊದಲೇ ಹಿತ್ತಲಿನ ಆಕ್ಸಿಜನ್ ಟ್ಯಾಂಕಿನ ಕಡೆ ನಡೆದರು. ಇಂಥ ಹೊತ್ತಲ್ಲೂ ಕಬ್ಬಿಣವೇ ಹೆಚ್ಚಾಯಿತಾ ಎಂದು ಕುದಿಯುತ್ತ ಆಕೆ ಹಿಂದೆಯೇ ಹೋದಳು. ಕೆಳಗಿನ ಕೊಳವೆಗೆಲ್ಲ ಬೆಳ್ಳಗೆ ಹಿಮ ಮೆತ್ತಿತ್ತು. ಅವರು ಬಾನೆಟ್ಟಿನ ಉದ್ದ ಕುತ್ತಿಗೆಯ ತುದಿಗೆ, ಮಗುವಿನ ಜ್ವರ ನೋಡುವ ಹಾಗೆ, ಮೆಲ್ಲಗೆ ಹಿಂಗೈ ಮುಟ್ಟಿಸಿದರು. "ಒಣಗಿದೆ, ಬೆಚ್ಚಗಿದೆ. ನಾನೇ ಆರಿಸಿದ್ದು. ನೀನು ಹೋಗಮ್ಮ, ಕೂಸಿನ ಹತ್ರ ಕೂತ್ಕೋ." ವಾರ್ಡಿನಲ್ಲಿ ಕೂಸಿನ ತುಟಿಯ ನೀಲಿ ಇಳಿಯತೊಡಗಿತ್ತು. ಪಕ್ಕದ ಮಂಚದ ತಾಯಿ ಕಣ್ಣೀರಿಡುತ್ತ, "ಆಕ್ಸಿಜನ್ ನಡುವೆ ನಿಂತುಬಿಟ್ರೆ?" ಎಂದಳು. ಬೆಳಗಿನಿಂದ ನರ್ಸಿಗೆ ಅದೇ ಪ್ರಶ್ನೆ ಕೇಳಿ ಕೇಳಿ ಬೈಸಿಕೊಂಡಿದ್ದ ಆಕೆ ಈಗ ಬೆನ್ನು ನೆಟ್ಟಗೆ ಮಾಡಿ ಕೂತು ಹೇಳಿದಳು: "ನಿಲ್ಲಲ್ಲ ಕಣ್ರೀ. ವಾಲ್ವು ನಮ್ಮ ಮಾವನೋರು ಆರಿಸಿದ್ದು."