ಹಿಂದಕ್ಕೆ ನಡೆಯುತ್ತ ಸಾಂಬಾರು ಬಡಿಸಿದ್ದು

ಸಾಂಬಾರು ಬಿದ್ದದ್ದು ಬೆಂಚಿನ ಮೇಲೆ. ಅಜ್ಜನ ತಲೆಯ ಮೇಲಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಈ ಕತೆ ಹೇಳತೊಡಗಿದಾಗಲೆಲ್ಲ ಕೇಳುವವರು ನಗುತ್ತಾರೆ, ನಾನು ಮಾತ್ರ ನಡುವೆ ನಿಲ್ಲಿಸಿ, ಬೆಂಚಿಗೂ ಆ ತಲೆಗೂ ಎಷ್ಟು ಅಂತರ ಇತ್ತೆಂದು ಕೈಯಲ್ಲಿ ಅಳೆದು ತೋರಿಸುತ್ತೇನೆ. ಒಂದು ಗೇಣು. ಕೆಲವು ದಿನ ಗೇಣಿಗಿಂತಲೂ ಕಡಿಮೆ ಅನ್ನಿಸುತ್ತದೆ.

ಡಿಗ್ರಿ ಮುಗಿಸಿ, ಸರಕಾರಿ ಪರೀಕ್ಷೆಗಳನ್ನು ಬರೆಯುತ್ತ ಎರಡು ವರ್ಷ ಮನೆಯಲ್ಲಿ ಕೂತಿದ್ದೆ. ಕುಂಬಳೆಯಲ್ಲಿ ಬಸ್ ನಿಲ್ಲುವ ಕಡೆ ಇದ್ದ ಒಂದು ಸಸ್ಯಾಹಾರಿ ಹೋಟೆಲಿಗೆ ಸಪ್ಲೈಯರ್ ಬೇಕಂತೆ ಎಂದು ತಿಳಿದು ಹೋದೆ. ಗಲ್ಲಾದಲ್ಲಿ ಕೂತಿದ್ದ ಧಣಿ ಅನುಭವ ಉಂಟಾ ಎಂದು ಕೇಳಿದರು. ಉಂಟು ಎಂದೆ. ಎಲ್ಲಿ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಮದುವೆಮನೆಗಳಲ್ಲಿ ಎಂದು ಹೇಳಬೇಕಾಗುತ್ತಿತ್ತು. ನಾಳೆ ಮಧ್ಯಾಹ್ನದ ಊಟ ಬಡಿಸಿ ತೋರಿಸು, ಸರಿಯಾದರೆ ಇರು, ಇಲ್ಲದಿದ್ದರೆ ಉಂಡು ಹೋಗು ಎಂದರು. ನಾನು ಮನೆಯಲ್ಲಿ ಕೆಲಸ ಸಿಕ್ಕಿತು ಎಂದೇ ಹೇಳಿದೆ. ಅಮ್ಮ ಅದನ್ನು ನೆರೆಮನೆಗಳಿಗೆಲ್ಲ ಹೇಳಿ, ಮರುದಿನ ಬೆಳಿಗ್ಗೆ ಬಸ್ಸಿನ ಕಂಡಕ್ಟರಿಗೂ ಹೇಳಿ ನನ್ನನ್ನು ಹತ್ತಿಸಿದರು. ಉಂಡು ವಾಪಸು ಹೋಗುವ ದಾರಿ ಅಲ್ಲಿಗೇ ಮುಚ್ಚಿತು.

ಮದುವೆಯಲ್ಲಿ ಬಡಿಸುವುದು ನನಗೆ ಹೈಸ್ಕೂಲಿನಿಂದಲೇ ಗೊತ್ತು. ಎರಡು ಹಂತಿಯಲ್ಲಿ, ಅಂದರೆ ಊಟದ ಸಾಲಿನಲ್ಲಿ, ಜನ ಎದುರುಬದುರು ನೆಲದ ಮೇಲೆ ಕೂತಿರುತ್ತಾರೆ. ನಡುವಿನ ಜಾಗದಲ್ಲಿ ನಾವು ಬಕೆಟ್ ಹಿಡಿದು, ಎಲೆಗಳ ಕಡೆ ಮುಖ ಮಾಡಿ, ಬಗ್ಗಿಕೊಂಡೇ ಹಿಂದಕ್ಕೆ ಹೆಜ್ಜೆ ಇಡುತ್ತ ಹೋಗುತ್ತೇವೆ. ಬೇಕಾ ಎಂದು ಕೇಳುವ ಕ್ರಮ ಇಲ್ಲ. ಬೇಡದವರು ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ. ಹಿಡಿದರೂ ಬೆರಳ ಸಂದಿಯಲ್ಲಿ ಒಂದು ಸೌಟು ಹಾಕುವುದು ಮರ್ಯಾದೆ. ಎಲ್ಲರ ಊಟ ಮುಗಿಯುವವರೆಗೆ ಹಂತಿಯಿಂದ ಯಾರೂ ಏಳುವುದಿಲ್ಲ. ಹಾಗಾಗಿ ಬಡಿಸುವವನ ಬೆನ್ನ ಹಿಂದೆ ಏನೂ ಇರುವುದಿಲ್ಲ. ಆ ನಂಬಿಕೆ ನನ್ನ ಬೆನ್ನಿಗೆ ಅಂಟಿಹೋಗಿತ್ತು.

ಹೋಟೆಲಿನಲ್ಲಿ ಐವತ್ತು ದಾಟಿದ ಹಳೆಯ ಸಪ್ಲೈಯರ್ ಒಬ್ಬರಿದ್ದರು, ಒಂದೇ ಕೈಯಲ್ಲಿ ಐದು ಗ್ಲಾಸು ಚಹಾ ತರುವವರು. ನಾನು ಮೇಜಿಗೆ ನೀರು ಇಟ್ಟ ರೀತಿ ನೋಡಿ, "ನೀನು ಎಷ್ಟು ಕಲಿತದ್ದು?" ಎಂದು ಕೇಳಿದರು. ಬಿ.ಎ. ಎಂದೆ. "ಹಾಗಾದರೆ ಸ್ವಲ್ಪ ಕಷ್ಟ ಉಂಟು," ಎಂದು ಒಳಗೆ ಹೋದರು.

ಹನ್ನೆರಡೂವರೆಗೆ ಸಾಂಬಾರಿನ ಬಕೆಟ್ ನನ್ನ ಕೈಗೆ ಬಂತು. ಮೊದಲ ಮೇಜಿನಿಂದ ಸಾಲಾಗಿ ಬಡಿಸುತ್ತ ಹೋದೆ. ಉಣ್ಣುವವರಿಗೆ ಹಾಕಿದೆ. ಅನ್ನ ಇನ್ನೂ ಬಾರದ ಎಲೆಗಳಿಗೂ ಹಾಕಿದೆ. ಮೂರನೇ ಮೇಜಿನಲ್ಲಿ ಒಬ್ಬರು ಪೇಪರ್ ಓದುತ್ತ ಚಹಾ ಕುಡಿಯುತ್ತಿದ್ದರು. ಎದುರು ತಟ್ಟೆಯಲ್ಲಿ ಬಾಳೆಹಣ್ಣು ಹಾಕಿ ಕರಿದ ಎರಡು ಸಿಹಿ ಬನ್ಸ್ ಇತ್ತು. ಅದಕ್ಕೂ ಒಂದು ಸೌಟು ಬಿತ್ತು. ಅವರು ಪೇಪರ್ ಕೆಳಗಿಳಿಸಿ ಬನ್ಸನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು.

"ನಾನು ಇದನ್ನು ಕೇಳಿದ್ದುಂಟಾ?"

"ಒಂದು ಚೂರು ಹಾಕಿಸಿಕೊಳ್ಳಿ, ಸಂಕೋಚ ಮಾಡಬೇಡಿ," ಎಂದೆ. ಬಾಯಿಗೆ ಅದೇ ಬಂದದ್ದು.

ಹಳೆಯ ಸಪ್ಲೈಯರ್ ನನ್ನ ತೋಳು ಹಿಡಿದು ಒಲೆಮನೆಯ ಬಾಗಿಲಿಗೆ ಎಳೆದರು. "ಇಲ್ಲಿ ಯಾರದ್ದೂ ಮದುವೆ ಇಲ್ಲ ಮಾರಾಯ. ಕೇಳಿ ಹಾಕು." ಅಂದಿನಿಂದ, ಅಂದರೆ ಆ ಕ್ಷಣದಿಂದ, ನಾನು ಕೇಳಿಯೇ ಹಾಕಿದೆ. ಬಾಯಿ ತಿದ್ದಿಕೊಂಡಿತು. ಕಾಲಿಗೆ ಯಾರೂ ಹೇಳಿರಲಿಲ್ಲ.

ಎರಡನೇ ಬಕೆಟ್ ಒಲೆಯಿಂದ ಆಗಷ್ಟೇ ಇಳಿಸಿ ತುಂಬಿದ್ದು. ನಾನು ಮೇಜುಗಳ ನಡುವಿನ ದಾರಿಯಲ್ಲಿ, ಉಣ್ಣುವವರ ಕಡೆ ಮುಖ ಮಾಡಿ, ಹಿಂದಕ್ಕೆ ಬರುತ್ತಿದ್ದೆ. ಕೊನೆಯ ಮೇಜಿನಲ್ಲಿ ಒಬ್ಬ ಅಜ್ಜ ಇದ್ದರು. ಚಪ್ಪಲಿ ಹಾಕಿಕೊಂಡು ಅನ್ನ ಉಣ್ಣುವ ಅಭ್ಯಾಸ ಅವರಿಗಿರಲಿಲ್ಲ, ಮೇಜಿನಡಿ ಕಳಚಿಟ್ಟಿದ್ದರು. ಉಂಡು, ಕೈ ತೊಳೆದು ಬಂದು ನೋಡಿದರೆ ಒಂದೇ ಚಪ್ಪಲಿ. ಇನ್ನೊಂದನ್ನು ಹುಡುಕಲು ದಾರಿಯ ನಡುವೆಯೇ ಮೊಣಕಾಲೂರಿ ಬಗ್ಗಿದ್ದರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ನನ್ನ ಹಿಮ್ಮಡಿಗೆ ಏನೋ ಮೆತ್ತಗಿನದು ತಾಗಿತು. ಮುಂದಿನದು ನನ್ನ ಕಣ್ಣಿನಲ್ಲಿ ಈಗಲೂ ಬಹಳ ನಿಧಾನವಾಗಿ ನಡೆಯುತ್ತದೆ. ಕಾಲು ಮೇಲೆ ಹೋಯಿತು. ಬಕೆಟ್ ಕೈ ತಪ್ಪಿತು. ಸಾಂಬಾರು ಬಕೆಟಿನಿಂದ ಬೇರೆಯಾಗಿ, ಒಂದು ನುಗ್ಗೆಕೋಡನ್ನು ಮುಂದೆ ಮಾಡಿಕೊಂಡು ಗಾಳಿಯಲ್ಲಿ ಹೊರಟಿತು. ಅದರ ಕೆಳಗೆ ಒಂದು ಬೋಳುತಲೆ ಹೊಳೆಯುತ್ತಿತ್ತು. ಅಂಗಾತ ಬೀಳುವವನಿಗೆ ಅದು ಹೇಗೆ ಕಂಡಿತು ಎಂದು ಕೇಳಬೇಡಿ. ಕಂಡಿತು. ಆಮೇಲೆ ಖಾಲಿ ಬೆಂಚಿನ ಮೇಲೆ ಚಳ್ ಎಂಬ ಸದ್ದು.

ಅಜ್ಜ ಕೈಯಲ್ಲಿ ಚಪ್ಪಲಿ ಹಿಡಿದು ಮೆಲ್ಲ ಎದ್ದರು.

"ಸಿಕ್ಕಿತು," ಎಂದರು. ಆಮೇಲೆ ನೆಲದ ಮೇಲಿದ್ದ ನನ್ನನ್ನು ಕಂಡು, "ನೀನೆಂತ ಮಗಾ, ಬಿದ್ದದ್ದಾ?"

ಧಣಿ ಗಲ್ಲಾ ಬಿಟ್ಟು ಓಡಿ ಬಂದವರು ಮೊದಲು ಅಜ್ಜನ ತಲೆ, ಕುತ್ತಿಗೆ, ಬೆನ್ನು ಮುಟ್ಟಿ ನೋಡಿದರು. ಅಂಗಿಯ ಕಾಲರಿನಲ್ಲಿ ಒಂದು ಹಳದಿ ಹನಿ ಇತ್ತು, ಅಷ್ಟೆ. ದಾರಿಗೆ ಅಡ್ಡ ಬಗ್ಗಿದ್ದು ತನ್ನದೇ ತಪ್ಪು, ಹುಡುಗನಿಗೆ ಬಯ್ಯಬಾರದು ಎಂದು ಅಜ್ಜ ಎರಡೆರಡು ಸಲ ಹೇಳಿ ಬಸ್ಸಿಗೆ ಹೋದರು. ಧಣಿಯೂ ಒಪ್ಪಿದಂತೆ ಕಂಡಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬೆಂಚಿನಿಂದ ಇನ್ನೂ ಹಬೆ ಏಳುತ್ತಿತ್ತು.

"ನನಗೆ ಅನುಭವ ಇಲ್ಲ," ಎಂದೆ. "ಮದುವೆಯಲ್ಲಿ ಬಡಿಸಿದ್ದು ಮಾತ್ರ. ಅಜ್ಜನ ತಪ್ಪಲ್ಲ."

"ಬನ್ಸಿಗೆ ಸಾಂಬಾರು ಹಾಕಿದಾಗಲೇ ಗೊತ್ತಾಗಿದೆ," ಎಂದರು ಧಣಿ. "ಒಂದು ತಿಂಗಳು ಬಿಸಿಯದ್ದು ಎಂತದ್ದೂ ಮುಟ್ಟಬೇಡ. ಎಲೆ ಹಾಕು, ನೀರು ಕೊಡು. ಮುಖ ಯಾವ ಕಡೆಯೋ ಆ ಕಡೆಗೇ ನಡಿ. ಈಗ ಆ ಬೆಂಚು ಒರೆಸು."

ಒರೆಸಿದೆ. ನಾಲ್ಕು ಮಡಿಕೆಯ ಬಟ್ಟೆಯನ್ನೂ ದಾಟಿ ಅಂಗೈ ಸುಟ್ಟಿತು. ಆಮೇಲೆ ಒರೆಸಿದ ಜಾಗದಲ್ಲೇ ಕೂತುಬಿಟ್ಟೆ. ಹಳೆಯ ಸಪ್ಲೈಯರ್ ಒಂದು ಗ್ಲಾಸು ಚಹಾ ತಂದು ಮುಂದಿಟ್ಟರು. ಎತ್ತಿದರೆ ಗ್ಲಾಸು ಹಲ್ಲಿಗೆ ಟಕಟಕ ತಾಗುತ್ತಿತ್ತು. ಅವರು ಎರಡು ಹೆಜ್ಜೆ ಆಚೆ ಸರಿದು ನಿಂತರು.

"ಕುಡಿ, ಕುಡಿ," ಎಂದರು. "ಚೆಲ್ಲುವುದಾದರೆ ನಿನ್ನ ಮೇಲೆಯೇ ಚೆಲ್ಲಿಕೋ."