ಶಿವಕ್ಕನ ‘ಅಂತೆ’

ಬಸವೇಶ್ವರನಗರದ ಆ ಅಪಾರ್ಟ್‌ಮೆಂಟಲ್ಲಿ ನಾಲ್ಕನೇ ಫ್ಲೋರಿಗೆ ಅಡುಗೆಗೆ ಹೋಗೋ ಶಿವಕ್ಕಂಗೆ ಎರಡನೇ ಫ್ಲೋರ್ ಬರೋಷ್ಟರಲ್ಲೇ ಮಂಡಿ ಕೈಕೊಡುತ್ತೆ. ಲಿಫ್ಟ್ ಇಲ್ಲ ಅಂತಲ್ಲ, ಇದೆ, ಒಳಗೆ ಕನ್ನಡಿ, ಫ್ಯಾನು ಎಲ್ಲಾ ಇದೆ, ಆದ್ರೆ ಬಾಗಿಲ ಪಕ್ಕ ‘ಕೆಲಸದವರು ಮೆಟ್ಟಿಲು ಬಳಸಿ’ ಅನ್ನೋ ಬೋರ್ಡೂ ಇದೆ. ಕುರುಬರಹಳ್ಳಿಯಿಂದ ನಡ್ಕೊಂಡು ಬಂದ ಸುಸ್ತು ಬೇರೆ. ಮೆಟ್ಟಿಲ ಮೇಲೆ ಕೂತ್ಕೊಂಡು ಸೆರಗಲ್ಲಿ ಮುಖ ಒರೆಸ್ಕೊತಾಳೆ, ಮತ್ತೆ ಏಳ್ತಾಳೆ.

ಹಾಗೆ ಕೂತಾಗ್ಲೇ ಹುಟ್ಟಿದ ಹಾಡು ಅದು. ಮನೆಕೆಲಸದವರ ಸಂಘದ ಮೀಟಿಂಗಲ್ಲಿ ಹಾಡಿದ್ಲು, ಆಮೇಲೆ ಧರಣಿಗಳಲ್ಲಿ ಎಲ್ರ ಬಾಯಲ್ಲೂ ಅದೇ:

ಲಿಫ್ಟು ಎಲ್ಲಾರದಂತೆ
ಮೆಟ್ಟಿಲು ಮೈಗೆ ಒಳ್ಳೇದಂತೆ
ನಾವೂ ಮನೆಮಂದಿಯಂತೆ
ನಮ್ಮ ಲೋಟ ಬೇರೆ

ಎಷ್ಟು ಚಿಕ್ಕ ಮಾತು ನೋಡಿ! ಬೈಗುಳ ಇಲ್ಲ, ಧಿಕ್ಕಾರ ಇಲ್ಲ, ಬರೀ ಹೊಗಳಿಕೆ, ಆದ್ರೆ ಸಾಲಿನ ಬಾಲಕ್ಕೆ ಒಂದು ‘ಅಂತೆ’ ಅಂಟಿಸಿದ್ರೆ ಹೊಗಳಿಕೆಯೆಲ್ಲಾ ಉಲ್ಟಾ! ಕೊನೇ ಸಾಲಿಗೆ ಮಾತ್ರ ‘ಅಂತೆ’ ಇಲ್ಲ. ಯಾಕಂದ್ರೆ ಅದನ್ನ ಯಾರೋ ಹೇಳಿ ಗೊತ್ತಾಗಿದ್ದಲ್ಲ, ದಿನಾ ಆ ಲೋಟದಲ್ಲೇ ಕಾಫಿ ಕುಡಿಯೋದು.

ರಾಜ್ಯೋತ್ಸವ ಹತ್ರ ಬಂತು. ಶಿವಕ್ಕ ಅಡುಗೆ ಮಾಡೋ ಮನೆಯ ವತ್ಸಲಾ ಮೇಡಮ್ಮೇ ಅಪಾರ್ಟ್‌ಮೆಂಟಿನ ಕಲ್ಚರಲ್ ಸೆಕ್ರೆಟರಿ. ಒಗ್ಗರಣೆ ಹಾಕ್ತಾ ಅವಳು ಗುನುಗ್ತಿದ್ದಿದ್ದು ಕೇಳಿಸ್ಕೊಂಡು ಕುಣಿದಾಡಿಬಿಟ್ರು.

“ಎಷ್ಟ್ ಸ್ವೀಟಾಗಿದೆ ಶಿವಕ್ಕ! ಫಂಕ್ಷನ್ನಲ್ಲಿ ಹಾಡ್ಬೇಕು ನೀನು. ಆ ‘ಅಂತೆ’ ಒಂದು ತೆಗೆದುಬಿಡು, ಗಾಸಿಪ್ ಥರ ಕೇಳುತ್ತೆ. ಲೋಟದ್ದೂ ಬೇಡ.”

“ಅಂತೆ ತೆಗೆದ್ರೆ ಸುಳ್ಳಾಗ್ತದಲ್ರೀ ಅಮ್ಮಾ.”

“ಅಯ್ಯೋ, ಹಾಡು ತಾನೆ! ನಿನ್ನ ಮಂಡಿನೋವಿಗೆ ನೀನೊಬ್ಳು ಲಿಫ್ಟಲ್ಲಿ ಬರೋ ಹಾಗೆ ಕಮಿಟೀಲಿ ಮಾತಾಡ್ತೀನಿ. ಪ್ರಾಮಿಸ್.”

ಶಿವಕ್ಕ ಸ್ಟೌ ಸಣ್ಣ ಮಾಡಿದ್ಲು. ಎಷ್ಟು ವರ್ಷದಿಂದ ಹಾಡ್ತಿದಾಳೆ, ಒಂದೇ ಒಂದು ಬೋರ್ಡು ಕೆಳಗಿಳಿದಿದ್ದು ನೋಡಿಲ್ಲ. ಮಂಡಿ ಮಾತ್ರ ದಿನಾ ಸೋಲ್ತಿದೆ.

“ಆಗ್ಲಿ ಬಿಡ್ರೀ,” ಅಂದ್ಲು.

ಫಂಕ್ಷನ್ ಪಾರ್ಕಿಂಗಲ್ಲಿ. ಮುಂದೆ ಓನರ್‌ಗಳ ಕುರ್ಚಿ, ಹಿಂದೆ ಕಾರುಗಳ ಸಂದಿಯಲ್ಲಿ ಕೆಲಸದ ಹೆಂಗಸರು ನಿಂತಿದ್ರು. ಅವರಲ್ಲಿ ನೀಲಾಂಬಿಕಾನೂ ಇದ್ಲು, ಅದೇ ಬಿಲ್ಡಿಂಗಲ್ಲಿ ಪಾತ್ರೆ ತೊಳೆಯೋಳು, ಸಂಘದಲ್ಲಿ ಶಿವಕ್ಕನ ಹಾಡಿಗೆ ದನಿಗೂಡಿಸೋಳು.

“ಲಿಫ್ಟು ಎಲ್ಲಾರದು...” ಅಂದು ಶಿವಕ್ಕ ನಿಲ್ಲಿಸಿದ್ಲು. ತಾಳದಲ್ಲಿ ಒಂದು ಪೆಟ್ಟು ಖಾಲಿ ಬಿತ್ತು. ಆ ಖಾಲಿಗೆ ಹಿಂದಿನಿಂದ ನೀಲಾಂಬಿಕಾ, ಅವಳ ಜೊತೆ ಎಲ್ಲಾ ಹೆಂಗಸರು, ಬಾಯಿಗೆ ಅಭ್ಯಾಸ ಆಗೋಗಿದೆ ನೋಡಿ, ಒಟ್ಟಿಗೆ ಕೂಗಿದ್ರು: “ಅಂತೆ!”

ಕುರ್ಚಿಯಲ್ಲಿದ್ದವರು ನಕ್ರು.

“ಮೆಟ್ಟಿಲು ಮೈಗೆ ಒಳ್ಳೇದು...”

“ಅಂತೆ!”

ಈ ಸಲ ನಗು ಅರ್ಧಕ್ಕೇ ನಿಂತೋಯ್ತು. ಅರ್ಥ ಆಗಿತ್ತು. ವತ್ಸಲಾ ಮೇಡಂ ಸಾಕು, ಸಾಕು ಅಂತ ಕೈ ಆಡಿಸ್ತಿದ್ರು. ಶಿವಕ್ಕ ಅವರನ್ನ ನೋಡಿದ್ಲು, ಲಿಫ್ಟಿನ ಬಾಗಿಲು ನೋಡಿದ್ಲು, ಮೂರನೇ ಸಾಲನ್ನ ಬಾಲದ ಸಮೇತ ತಾನೇ ಹಾಡಿದ್ಲು. ಲೋಟದ್ದೂ ಹಾಡಿದ್ಲು. ಅದಕ್ಕೆ ಯಾರೂ ನಗಲಿಲ್ಲ.

ಮಾರನೇ ದಿನ ಬೋರ್ಡು ಅಲ್ಲೇ ಇತ್ತು. ಎರಡನೇ ಫ್ಲೋರಿನ ಮೆಟ್ಟಿಲಲ್ಲಿ ಶಿವಕ್ಕ ಕೂತಿದ್ಲು. ನೀಲಾಂಬಿಕಾ ಪಕ್ಕದಲ್ಲಿ ಬಂದು ಕೂತ್ಲು.

“ನಮ್ಮಿಂದ ಹಾಳಾಯ್ತಲ್ಲಕ್ಕ. ನೀನಾದ್ರೂ ಲಿಫ್ಟಲ್ಲಿ ಹೋಗ್ಬೋದಿತ್ತು.”

ಶಿವಕ್ಕ ಮಂಡಿ ನೀವ್ಕೊಂಡ್ಲು.

“ಹೋಗ್ಬೋದಿತ್ತಂತೆ,” ಅಂದು ಕಂಬಿ ಹಿಡ್ಕೊಂಡು ಎದ್ಲು.