ಅಮಾವಾಸ್ಯೆಯ ದಿನ ತುಂಬಿದ ಹಾಡುಗಳು

ಕುಷ್ಟಗಿಯ ಬಸ್ ಸ್ಟ್ಯಾಂಡಿನ ಎದುರು ಮೊದಲ ಕ್ಯಾಸೆಟ್ ಅಂಗಡಿ ತೆರೆದಾಗ ನಾನು ಎರಡು ಮಕ್ಕಳ ತಾಯಿ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಮನೆಗೂ ಒಂದು ಟೇಪ್ ರೆಕಾರ್ಡರ್ ಬಂದಿತ್ತು. ನನ್ನ ಯಜಮಾನರು ಅದಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿ, ತೊಟ್ಟಿಲ ಕೂಸಿಗಿಂತ ಜೋಪಾನವಾಗಿ ಇಟ್ಟುಕೊಂಡಿದ್ದರು. ಅಂಗಡಿಯವನು ಖಾಲಿ ಕ್ಯಾಸೆಟ್ಟಿಗೆ ಬೇಕಾದ ಹಾಡು ತುಂಬಿಸಿ ಕೊಡುತ್ತಿದ್ದ. ಬಂದವರೆಲ್ಲ ಸಿನಿಮಾ ಹಾಡು ಕೇಳುತ್ತಿದ್ದರು, ಇಲ್ಲವೇ ಭಜನೆ ಕೇಳುತ್ತಿದ್ದರು. ನಾನು ಹೋಗಿ ನಿಂತು ಕೇಳಿದೆ:

"ಯಾರೂ ಕೇಳಲಾರದ ಹಾಡು ಸಿಗ್ತಾವೇನ್ರಿ?"

"ಯಾರೂ ಕೇಳಲಾರದ ಹಾಡು ಇಟ್ಟುಕೊಂಡು ನಾ ಅಂಗಡಿ ಹೆಂಗ ನಡಸಲ್ರಿ ಅಕ್ಕಾರ?" ಎಂದು ಅವನು ನಕ್ಕ.

ನನಗೂ ನಗು ಬಂತು. ನಮ್ಮಣ್ಣ ಹಾಡಿದ ಹಾಡುಗಳವು, ದೊಡ್ಡ ಗಾಲಿಯಂಥ ಟೇಪಿನಲ್ಲಿದ್ದವು, ಅವನು ತೀರಿಹೋಗಿ ಬಹಳ ವರ್ಷವಾಯಿತು ಎಂದು ಹೇಳಿದೆ. ಅವನ ನಗು ನಿಂತಿತು.

"ಸ್ಪೂಲ್ ಅನ್ರಿ. ತರ್ರಿ. ಗದಗದಾಗ ನಮ್ಮ ಮಾವನ ಹಂತ್ಯಾಕ ಅದರ ಮಷಿನ್ ಐತಿ. ಕ್ಯಾಸೆಟ್ಟಿಗೆ ಇಳಿಸಿ ಕೊಡ್ತೀನಿ."

ಅಷ್ಟು ವರ್ಷ ನಾನು ಆ ಹಾಡುಗಳನ್ನು ಬರೀ ಕಲ್ಪಿಸಿಕೊಂಡು ಕೇಳಿದ್ದೆ. ಅವನ್ನು ನಿಜವಾಗಿಯೂ ಕೇಳಬಹುದು ಎಂಬ ವಿಚಾರ ತಲೆಗೇ ಬಂದಿರಲಿಲ್ಲ.

ಅರವತ್ತರ ದಶಕದ ಕೊನೆಗೆ ಕೊಪ್ಪಳದಲ್ಲಿ ಗಿಟಾರು ಇದ್ದದ್ದು ನನಗೆ ಗೊತ್ತಿದ್ದಂತೆ ನಮ್ಮ ಮನೆಯಲ್ಲಿ ಮಾತ್ರ. ಡ್ಯಾಮಿನ ಕೆಲಸಕ್ಕೆ ಬಂದಿದ್ದ ಇಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ಬಿಟ್ಟುಹೋದ ಗಿಟಾರು ಅದು. ಅಣ್ಣ ಅದನ್ನು ಹೊಸಪೇಟೆಯಿಂದ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ರೇಡಿಯೊದಲ್ಲಿ ಇಂಗ್ಲಿಷ್ ಹಾಡು ಬಂದರೆ ಕಿವಿ ಅದಕ್ಕೆ ಅಂಟಿಸಿ ಕೂಡುತ್ತಿದ್ದ. ಅವನ ಜೊತೆಗೆ ಇಬ್ಬರು ಗೆಳೆಯರು: ಅಕಾರ್ಡಿಯನ್ ಬಾರಿಸುವ ಒಬ್ಬ ಕಂಪೌಂಡರ್, ಬೊಂಗೋ ಬಾರಿಸುವ ಒಬ್ಬ ಟೇಲರ್. ಮೂವರೂ ಟೇಲರನೇ ಹೊಲಿದ ಬಿಗಿ ಪ್ಯಾಂಟು ಹಾಕಿಕೊಂಡು ಕಾಲೇಜಿನ ಗ್ಯಾದರಿಂಗಿನಲ್ಲಿ ಹಾಡುತ್ತಿದ್ದರು. ಇಂಗ್ಲಿಷ್ ಶಬ್ದ ತಿಳಿಯದ ಕಡೆಯೆಲ್ಲ ಲಲಲಾ ಅನ್ನುತ್ತಿದ್ದರು. ಓಣಿಯ ಹಿರಿಯರು ಮೂಗು ಮುರಿದರು. ನಾನು ಮಾತ್ರ ರೊಟ್ಟಿ ಬಡಿಯುತ್ತಾ ಅವರ ಲಲಲಾಕ್ಕೆ ತಾಳ ಹಾಕುತ್ತಿದ್ದೆ.

ಆಮೇಲೆ ಅವನಿಗೆ ಲಲಲಾ ಸಾಕಾಯಿತು. ನಮ್ಮ ಮಾತಿನಲ್ಲಿ ತಾನೇ ಹಾಡು ಕಟ್ಟತೊಡಗಿದ. ಬರೀ ಗಿಟಾರಿನಲ್ಲಿ ಮುಗಿಯುವ ಹಾಡುಗಳಲ್ಲ ಅವು. ಅವನಿಗೆ ಪಿಟೀಲು ಬೇಕು, ಕ್ಲಾರಿಯೊನೆಟ್ ಬೇಕು, ಇಡೀ ಮೇಳವೇ ಬೇಕು. ಆಗ ಗಂಗಾವತಿಯಲ್ಲಿ ಒಂದು ನಾಟಕ ಕಂಪನಿ ಕ್ಯಾಂಪ್ ಹಾಕಿತ್ತು. ಅವರ ಹತ್ತಿರ ಇಬ್ಬರು ಪಿಟೀಲಿನವರಿದ್ದರು, ಕಾಲಲ್ಲಿ ಗಾಳಿ ಒತ್ತಿ ಬಾರಿಸುವ ಕಾಲುಪೆಟ್ಟಿಗೆಯ ಮಾಸ್ತರರೂ ಇದ್ದರು. ಮದುವೆ ಬ್ಯಾಂಡಿನಿಂದ ಕ್ಲಾರಿಯೊನೆಟ್ಟಿನವನು ಬರಲು ಒಪ್ಪಿದ. ಟೇಪ್ ಮಷಿನ್ ಇದ್ದದ್ದು ಗಂಗಾವತಿಯ ಒಂದು ರೈಸ್ ಮಿಲ್ಲಿನ ಮಾಲೀಕರಲ್ಲಿ. ಅದನ್ನು ಹೊರಗೆ ಕೊಡಲು ಅವರಿಗೆ ಮನಸ್ಸಿಲ್ಲ, ಮಿಲ್ಲಿನಲ್ಲೇ ತುಂಬಿಸಿಕೊಳ್ಳಲು ಅಡ್ಡಿಯಿಲ್ಲ. ಆದರೆ ಆ ಗದ್ದಲದಲ್ಲಿ ಹಾಡುವುದು ಹೇಗೆ? ಮಿಲ್ಲು ಸದ್ದಡಗಿ ನಿಲ್ಲುವುದು ಅಮಾವಾಸ್ಯೆಯ ದಿನ ಮಾತ್ರ. ಅಂದು ಮಷಿನಿಗೆ ಪೂಜೆ ಮಾಡಿ, ಕಾಯಿ ಒಡೆದು, ಹಮಾಲರಿಗೆ ರಜೆ ಕೊಡುತ್ತಿದ್ದರು.

"ಅಮಾಸಿ ದಿನ ಹೊಸಾ ಕೆಲಸ ಹಚ್ಚಬ್ಯಾಡೋ," ಎಂದು ಅವ್ವ ಅಂಗಲಾಚಿದಳು.

"ಅಮಾಸಿ ಬಿಟ್ರ ಮಿಲ್ಲು ಬಾಯಿ ಮುಚ್ಚೂದಿಲ್ಲ ಯವ್ವಾ," ಎಂದ ಅಣ್ಣ.

ಕೊನೆಯ ಹಾಡಿನಲ್ಲಿ ನನ್ನ ದನಿಯೂ ಇತ್ತು. ಕಾಲುವೆಯ ಈ ದಂಡೆಯಲ್ಲಿ ಅಣ್ಣ, ಆ ದಂಡೆಯಲ್ಲಿ ತಂಗಿ, ನಡುವೆ ತುಂಬಿದ ನೀರು. ಅವನು ಕರೆಯುತ್ತಾನೆ, ನಾನು ಉತ್ತರ ಕೊಡಬೇಕು: "ನೀರು ಇಳಿಲಿ ಅಣ್ಣಾ, ನಡಕೊಂತ ಬರ್ತೀನಿ." ನನ್ನ ಪಾಲಿನದು ಇಷ್ಟೇ, ಆದರೆ ಸುತ್ತಿ ಸುತ್ತಿ ಮತ್ತೆ ಬರುತ್ತಿತ್ತು. ಮದುವೆಗೆ ಮುಂಚೆ ಅಡುಗೆಮನೆಯಲ್ಲೇ ಕಲಿಸಿದ್ದ. ದನಿ ಸ್ವಲ್ಪ ನಡುಗಿದರೆ ಛಲೋ, ಜಾಸ್ತಿ ನಡುಗಿದರೆ ನಾಟಕ ಆಗುತ್ತದೆ ಎಂದು ಗದರಿಸುತ್ತಿದ್ದ.

ಅಷ್ಟರಲ್ಲಿ ನನ್ನ ಮದುವೆಯಾಯಿತು. ಕುಷ್ಟಗಿಗೆ ಬಂದೆ. ಅಮಾವಾಸ್ಯೆಯ ಹಿಂದಿನ ದಿನ ಅಣ್ಣ ನನ್ನನ್ನು ಕರೆದೊಯ್ಯಲು ಬಂದ. ಒಳಬಾಗಿಲ ಹಿಂದೆ ನಾನು ಆಗಲೇ ಸೀರೆ ಬದಲಿಸಿ ನಿಂತಿದ್ದೆ. ನಮ್ಮತ್ತೆ ಕೆಟ್ಟವರಲ್ಲ, ಆದರೆ ಪದ್ಧತಿ ಪದ್ಧತಿಯೇ.

"ಅಮಾಸಿಗೆ ಸೊಸಿನ್ನ ಹೊಸ್ತಿಲಾ ದಾಟಿ ಕಳಸೂದಿಲ್ರಿ. ಪಾಡ್ಯ ಕಳೀಲಿ, ಬೇಕಾದ್ರ ತಿಂಗಳ ಇಟ್ಟುಕೊಳ್ರಿ," ಎಂದರು.

ಪಾಡ್ಯಕ್ಕೆ ಮಿಲ್ಲು ಮತ್ತೆ ಶುರುವಾಗುತ್ತದೆ ಎಂದು ಅವರಿಗೆ ಯಾರು ಹೇಳಬೇಕು? ಬೀಗರ ಮನೆಯಲ್ಲಿ ವಾದ ಮಾಡುವ ಜಾತಿಯಲ್ಲ ನಮ್ಮಣ್ಣ. ಚಹಾ ಕುಡಿದ. ಎದ್ದು ಚಪ್ಪಲಿ ಮೆಟ್ಟುವಾಗ ನನ್ನ ಕಡೆ ನೋಡಿ, "ಇರ್ಲಿ ಬಿಡು ತಂಗಿ, ಏನರ ಮಾಡ್ತೀನಿ," ಎಂದ.

ಅವನನ್ನು ನಾನು ನೋಡಿದ್ದು ಅದೇ ಕಡೆಯ ಸಲ. ಮರುದಿನ ನಾನಿಲ್ಲದೆಯೇ ಮಿಲ್ಲಿನಲ್ಲಿ ಹಾಡುಗಳನ್ನು ತುಂಬಿದರು. ಮುಂದಿನ ಅಮಾವಾಸ್ಯೆ ಬರುವುದರೊಳಗೆ ಮೆದುಳು ಜ್ವರ ಬಂದು, ಹುಬ್ಬಳ್ಳಿಗೆ ಒಯ್ಯುವ ದಾರಿಯಲ್ಲೇ ಹೋದ. ಅವ್ವ ಅಮಾವಾಸ್ಯೆಯನ್ನು ಬೈದಳು. ನಾನು ಹೊಸ್ತಿಲನ್ನು ಬೈದೆ. ಇಬ್ಬರಿಗೂ ಬೈಯಲು ಇನ್ನೇನೂ ಸಿಗಲಿಲ್ಲ.

ಅಂದಿನಿಂದ ತವರಿನಲ್ಲಿ ಹಾಡಿನ ಮಾತು ಯಾರೂ ಎತ್ತಲಿಲ್ಲ. ಆದರೆ ನನ್ನ ತಲೆಯಲ್ಲಿ ಆ ಟೇಪು ತಿರುಗುತ್ತಲೇ ಇತ್ತು. ರೊಟ್ಟಿ ಬಡಿಯುವಾಗ, ಸಜ್ಜೆ ಕೇರುವಾಗ, ಮಕ್ಕಳನ್ನು ಮಲಗಿಸುವಾಗ ಒಂದೊಂದೇ ಹಾಡು ಹಾಕಿಕೊಳ್ಳುತ್ತಿದ್ದೆ. ಮೊದಲ ಹಾಡು ಕೊಪ್ಪಳದ ಹತ್ತಿ ಜಿನ್ನಿನಲ್ಲಿ ಆಳುಗಳನ್ನು ಕೆಲಸಕ್ಕೆ ಕರೆಯುವ ಭೋಂಗಾದಿಂದ ಶುರು. ಭೋಂಗಾ ಊದುವುದು ಕ್ಲಾರಿಯೊನೆಟ್ಟು, ಅದು ನಿಂತ ಮೇಲೆ ಗಿಟಾರು ಮೆಲ್ಲಗೆ ಕೆಲಸಕ್ಕೆ ಹೊರಡುತ್ತದೆ. ಇನ್ನೊಂದು ರೈಲಿನ ಹಾಡು, ಅದರಲ್ಲಿ ಟೇಲರನ ಬೊಂಗೋನೇ ಗಾಲಿ. ಅವ್ವನ ಸಿಟ್ಟಿನ ಮೇಲೆ ಒಂದು ತಮಾಷೆಯ ಹಾಡಿತ್ತು. ಅದಕ್ಕೆ ಅಕಾರ್ಡಿಯನ್ನು ದಮ್ಮು ಹತ್ತಿದವರ ಹಾಗೆ ಏದುಸಿರು ಬಿಡುತ್ತಿತ್ತು. ಇವುಗಳ ಒಂದೊಂದು ತುಣುಕು ಮಾತ್ರ ಅವನ ಬಾಯಿಂದ ಕೇಳಿದ್ದೆ. ಉಳಿದದ್ದೆಲ್ಲ ನಾನು ತುಂಬಿದ್ದು. ನಿಜದಲ್ಲಿ ಇದ್ದದ್ದು ಎರಡೇ ಪಿಟೀಲು. ನನ್ನ ತಲೆಯಲ್ಲಿ ವರ್ಷ ಹೋದಂತೆ ಪಿಟೀಲುಗಳು ಹೆಚ್ಚಾಗುತ್ತಾ ಹೋಗಿ, ಕೊನೆಗೆ ಮಿಲ್ಲಿನ ತುಂಬ ಅಕ್ಕಿ ಚೀಲದ ಮೇಲೆಲ್ಲ ಪಿಟೀಲಿನವರೇ ಕೂತಿದ್ದರು. ಕಲ್ಪಿಸಿಕೊಳ್ಳುವುದಕ್ಕೂ ಜಿಪುಣತನವೇಕೆ?

ಕೊನೆಯ ಹಾಡನ್ನು ಮಾತ್ರ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಏನರ ಮಾಡ್ತೀನಿ ಎಂದಿದ್ದನಲ್ಲ, ಏನು ಮಾಡಿರುತ್ತಾನೆ? ಕಂಪನಿಯ ತುಂಬ ಹಾಡುವ ನಟಿಯರು. ಅವರಲ್ಲೊಬ್ಬಳು ಬಂದು ನನ್ನ ಜಾಗದಲ್ಲಿ ನಿಂತು ಹಾಡಿರುತ್ತಾಳೆ. ಅಣ್ಣ ಕರೆಯುತ್ತಾನೆ, ಯಾವಳೋ ಉತ್ತರ ಕೊಡುತ್ತಾಳೆ. ಅವಳ ಮುಖ ನಾನು ನೋಡಿಲ್ಲ, ಆದರೂ ರೊಟ್ಟಿ ಬಡಿಯುತ್ತಾ ಅವಳನ್ನು ಬೈಯುತ್ತಿದ್ದೆ. ಸತ್ತ ಅಣ್ಣನ ಮೇಲೆ ಸಿಟ್ಟು ಮಾಡುವುದಕ್ಕಿಂತ ಕೆಟ್ಟ ಸಂಕಟ ಇನ್ನೊಂದಿಲ್ಲ. ತಿರುಗಿ ಬೈಯಲು ಅವನಿಲ್ಲ.

ಕ್ಯಾಸೆಟ್ ಅಂಗಡಿಯವನ ಮಾತು ಕೇಳಿದ ವಾರವೇ ಕೊಪ್ಪಳಕ್ಕೆ ಹೋದೆ. ಅವ್ವ ಹಪ್ಪಳ ಒಣಗಿಸುತ್ತಿದ್ದಳು. ಟೇಪು ಎಲ್ಲಿದೆ ಎಂದು ಕೇಳಿದೆ.

"ಅವನ ಟ್ರಂಕಿನ್ಯಾಗ ಇತ್ತು. ಹೋದಾಂವನ ಜೀವದ ಸಾಮಾನು ಮನ್ಯಾಗ ಇಡಬಾರ್ದು ಅಂದ್ರು. ಅರಿವಿ, ಹಾಸಿಗಿ ಎಲ್ಲಾ ಕೊಟ್ವಿ. ಟ್ರಂಕು ನಮ್ಮ ಗದ್ದಿ ಮಾಡಾಂವ ಒಯ್ದ."

"ತೆಗೆದು ನೋಡ್ಲಿಲ್ಲೇನ ಯವ್ವಾ?"

"ನೋಡೂ ಎದಿ ಇತ್ತೇನ ನನಗ?" ಎಂದಳು.

ಶ್ರೀರಾಮನಗರದ ಹತ್ತಿರ ನಮ್ಮದೊಂದು ತುಂಡು ಗದ್ದೆ ಇತ್ತು. ಅದನ್ನು ಕಾಲುವೆ ನೀರು ನಂಬಿ ಬಂದು ವಲಸೆ ರೈತರ ಕ್ಯಾಂಪಿನಲ್ಲಿ ನೆಲೆಸಿದ್ದ ಒಬ್ಬ ತೆಲುಗು ರೈತನಿಗೆ ಗುತ್ತಿಗೆ ಕೊಟ್ಟಿದ್ದೆವು. ನಾನು ಕಂಪೌಂಡರಣ್ಣನನ್ನು ಹುಡುಕಿಕೊಂಡು ಹೋದೆ. ಅಕಾರ್ಡಿಯನ್ ಅಟ್ಟ ಸೇರಿತ್ತು, ತಲೆ ನರೆತಿತ್ತು. ವಿಷಯ ಹೇಳಿದ ಕೂಡಲೇ ರಜೆ ಹಾಕಿ ನನ್ನ ಜೊತೆ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಇಬ್ಬರೂ ಸಣ್ಣ ಹುಡುಗರ ಹಾಗೆ ಮಾತಾಡಿದೆವು. ಗದಗಿನ ಮಷಿನ್ನಿನಲ್ಲಿ ಮೊದಲು ಯಾವ ಹಾಡು ಹಾಕಿಸಬೇಕು ಎಂದು ಜಗಳವನ್ನೂ ಆಡಿದೆವು. ಕೊನೆಯ ಹಾಡನ್ನು ಯಾರು ಹಾಡಿದರು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಬಸ್ಸಿಳಿದು ಕಾಲುವೆಯ ಏರಿ ಹಿಡಿದು ನಡೆದೆವು. ಭತ್ತ ಹಾಲುಗಾಳಾಗಿತ್ತು. ಗದ್ದೆ ಇನ್ನೂ ದೂರ ಇರುವಾಗಲೇ ಒಂದು ಸದ್ದು ಕೇಳಿತು. ಜೇನಿನ ಸದ್ದಿಗಿಂತ ಗಟ್ಟಿ, ಶಂಖದ ಸದ್ದಿಗಿಂತ ಮೆತ್ತಗೆ. ಗಾಳಿ ಏರಿದರೆ ಏರುತ್ತಿತ್ತು, ಇಳಿದರೆ ಇಳಿಯುತ್ತಿತ್ತು. ಕಂಪೌಂಡರಣ್ಣ ನನಗಿಂತ ಮೊದಲೇ ನಿಂತುಬಿಟ್ಟ. ನಮ್ಮ ಗದ್ದೆಯ ಉದ್ದಗಲಕ್ಕೂ ಜಾಲಿಯ ಗೂಟಗಳಿದ್ದವು. ಗೂಟದಿಂದ ಗೂಟಕ್ಕೆ ಕಂದು ಬಣ್ಣದ ಪಟ್ಟಿ ತಿರುಚಿ ಕಟ್ಟಿತ್ತು. ಬಿಸಿಲಿಗೆ ಮಿಂಚುತ್ತಿತ್ತು, ಗಾಳಿಗೆ ಭೋಂ ಅನ್ನುತ್ತಿತ್ತು.

ರೈತ ಹಿಗ್ಗಿನಿಂದ ಓಡಿ ಬಂದ. "ನೋಡಮ್ಮಾ, ಎಷ್ಟು ಚೆನ್ನಾಗಿ ಕಟ್ಟಿದೀನಿ! ಕ್ಯಾಂಪಲ್ಲಿ ಎಲ್ಲಾರೂ ಹರಿದ ಕ್ಯಾಸೆಟ್ ಕಟ್ತಾರೆ. ಇದು ಅಗಲ ಐತೆ, ಸೌಂಡು ಜಾಸ್ತಿ. ಒಂದು ಗುಬ್ಬಿ ಬರಲ್ಲಮ್ಮಾ. ಟ್ರಂಕಲ್ಲಿ ಇಷ್ಟು ವರ್ಷ ಸುಮ್ಮನೆ ಬಿದ್ದಿತ್ತು, ಈ ಬೆಳೆಗೇ ತೆಗೆದೆ."

ಈ ಬೆಳೆಗೇ. ಹಿಂದಿನ ಬೆಳೆಗೆ ಬಂದಿದ್ದರೆ ಇರುತ್ತಿತ್ತು. ನಾನು ಏರಿಯ ಮೇಲೆ ಕೂತುಬಿಟ್ಟೆ. ಅವನಿಗೆ ಗಾಬರಿ, ಏನು ತಪ್ಪಾಯಿತು ಎಂದು ಮತ್ತೆ ಮತ್ತೆ ಕೇಳಿದ. ಏನೂ ಇಲ್ಲ, ಬಿಸಿಲು ಎಂದೆ. ಅವನು ನೀರು ತರಲು ಹೋದ. ಕಂಪೌಂಡರಣ್ಣ ಹತ್ತಿರದ ಗೂಟದ ಪಟ್ಟಿಯನ್ನು ಬೆರಳಲ್ಲಿ ಉಜ್ಜಿ ನೋಡಿದ. ಕಂದು ಪುಡಿ ಕೈಗೆ ಹತ್ತಿತು, ಪಟ್ಟಿ ಬೆಳ್ಳಗಾಯಿತು.

"ಇದರಾಗ ಏನೂ ಉಳಿದಿಲ್ಲ ತಂಗಿ," ಎಂದ.

ಆಗ ನನಗೆ ಕೇಳದೆ ಇರಲಾಗಲಿಲ್ಲ. ಉಳಿದದ್ದೆಲ್ಲ ಹೋಯಿತು, ಇದೊಂದನ್ನಾದರೂ ತಿಳಿದುಕೊಂಡು ಹೋಗೋಣ ಎಂದು ಕೇಳಿಬಿಟ್ಟೆ: "ಅಣ್ಣಾರ, ನನ್ನ ಸಾಲು ಯಾರು ಹಾಡಿದ್ರು?"

ಅವನು ನನ್ನನ್ನೇ ನೋಡಿದ. "ನಿನಗ ಹೇಳಿಲ್ಲೇನ ಯಾರೂ? ಕಂಪನಿ ಮಾಸ್ತರು ಒಬ್ಬಾಕಿನ್ನ ಕರಕೊಂಡು ಬಂದಿದ್ರು. ನಿಮ್ಮಣ್ಣ ಕೈ ಮುಗಿದು ವಾಪಸ್ ಕಳಿಸಿದ. ತಾನು ತನ್ನ ಸಾಲು ಹಾಡೂದು, ನಿನ್ನ ಸಾಲು ಬಂದಾಗ ಸುಮ್ಮನ ನಿಂದ್ರೂದು. ಬರೇ ಪಿಟೀಲು ಸಣ್ಣಗ ನಡದಿರ್ತಿದ್ವು. ಪ್ರತಿ ಸಲಾನೂ ಹಂಗ. ತಂಗಿ ಬಂದ ಮ್ಯಾಲೆ ಇನ್ನೊಂದು ಮಷಿನ್ ತಂದು ಆಕಿ ದನಿ ತುಂಬತೀನಿ, ಅಲ್ಲೀತನಕ ಆ ಜಾಗಾ ಆಕೀದು ಅಂದ."

ಇಷ್ಟು ವರ್ಷ ನಾನು ಸಿಟ್ಟು ಮಾಡಿದ್ದು ಯಾರ ಮೇಲೆ! ನಾನು ಅತ್ತದ್ದನ್ನು ಬರೆಯಲು ಬರುವುದಿಲ್ಲ. ಅಳು ಸ್ವಲ್ಪ ನಿಂತ ಮೇಲೆ ಕಾಲುವೆ ಕಡೆ ತಿರುಗಿ ಕೂತೆ. ನೀರು ತುಂಬಿ ಹರಿಯುತ್ತಿತ್ತು. ಹಿಂದೆ ಗದ್ದೆಯಲ್ಲಿ ಟೇಪು ಭೋಂ ಅನ್ನುತ್ತಿತ್ತು. ನನ್ನ ಸಾಲನ್ನು ಹಾಡಲು ಹೋದೆ. "ನೀರು ಇಳಿಲಿ ಅಣ್ಣಾ" ಎಂಬಲ್ಲಿಗೇ ನಿಲ್ಲಿಸಿದೆ. ದನಿ ಜಾಸ್ತಿ ನಡುಗಿತ್ತು, ಅವನು ಇದ್ದಿದ್ದರೆ ಗದರಿಸುತ್ತಿದ್ದ.

ಪಟ್ಟಿ ಬಿಚ್ಚಿಸಿಕೊಂಡು ಹೋಗೋಣವೇ ಎಂದು ಕಂಪೌಂಡರಣ್ಣ ಕೇಳಿದ. ಬೇಡ, ಕೊಯ್ಲಿನ ತನಕ ಇರಲಿ ಎಂದೆ. ರೈತ ತಂದ ನೀರು ಕುಡಿದು ಸಂಜೆಯ ಬಸ್ಸಿಗೆ ಹೊರಟೆವು. ಆ ವರ್ಷ ಗದ್ದೆಯ ಅಕ್ಕಿ ಬಂದಾಗ ಅವ್ವ ಎಂದಿನಂತೆ ನಮಗೂ ಒಂದು ಚೀಲ ಕಳಿಸಿದಳು. ಮಕ್ಕಳು ಉಂಡರು, ನಾನು ರೊಟ್ಟಿಯನ್ನೇ ತಿಂದೆ.

ಕ್ಯಾಸೆಟ್ ಅಂಗಡಿಯವನು ಆಮೇಲೆ ಸಿಕ್ಕಾಗಲೆಲ್ಲ, "ಸ್ಪೂಲ್ ತರಲೇ ಇಲ್ಲಲ್ರಿ ಅಕ್ಕಾರ?" ಎಂದು ಕೇಳುತ್ತಿದ್ದ. ತರ್ತೀನಿ ಎನ್ನುತ್ತಿದ್ದೆ. ಮನೆಗೆ ಬಂದು, ಒಲೆ ಹೊತ್ತಿಸಿ, ತಲೆಯೊಳಗೆ ಕೊನೆಯ ಹಾಡು ಹಾಕಿಕೊಳ್ಳುತ್ತಿದ್ದೆ. ಈಗ ಅದರಲ್ಲಿ ಆ ನಟಿ ಇಲ್ಲ, ಪಿಟೀಲೂ ಎರಡೇ. ಅಣ್ಣ ಕರೆಯುತ್ತಾನೆ. ನನ್ನ ಸಾಲು ಬಂದಾಗ ನಾನು ಹಾಡುವುದಿಲ್ಲ. ಕೈಯಲ್ಲಿನ ಹಿಟ್ಟು ಹಾಗೇ ಹಿಡಿದುಕೊಂಡು, ಅವನು ನನಗಾಗಿ ಕಾಯುವುದನ್ನು ಕೇಳುತ್ತೇನೆ.